ಸೇನಾನಿ ಚೀ ಜಿಗ್ವಾಂಗ್

ಚೀನದ ಮಿಂಗ್ ಅರಸರ ಸೇನಾನಿಯಾದ ಚೀ ಜಿಗ್ವಾಂಗನನ್ನು ನಾವಿಲ್ಲಿ ಸ್ಮರಿಸುತ್ತೇವೆ. ಇವನು 1528ರಲ್ಲಿ ಜನಿಸಿದನು. ಝೆಜಿಯಾಂಗ್ ಕರಾವಳಿಯನ್ನು ಕಡಲ್ಗಳ್ಳರು ಸೂರೆಗೊಳ್ಳುತ್ತಿದ್ದ ಕಾಲವದು. ನೋಟಕ್ಕೆ ಸೊಗಸಾದ ವರಸೆಗಳು ರಣರಂಗದಲ್ಲಿ ಪ್ರಾಣವನ್ನು ಉಳಿಸಲಾರವೆಂದು ಅವನು ಅರಿತನು. ಯಿವೂ ಸೀಮೆಯ ರೈತರನ್ನೂ ಗಣಿ ಕೆಲಸಗಾರರನ್ನೂ ಪಡೆಗೆ ಸೇರಿಸಿಕೊಂಡು, ಎದುರುಬದುರು ನಿಲ್ಲಿಸಿ ಸೆಣಸಲು ಹಚ್ಚಿ ಪಳಗಿಸಿದನು. 1561ರಲ್ಲಿ ತೈಚೌ ಪ್ರದೇಶದಲ್ಲಿ ಆ ಪಡೆಯು ಕಡಲ್ಗಳ್ಳರನ್ನು ಮೇಲಿಂದ ಮೇಲೆ ಸೋಲಿಸಿತು.

1560ರ ಸುಮಾರಿಗೆ ರಚಿತವಾದ ‘ಜಿಶಿಯಾವ್ ಶಿನ್‌ಷು’ ಎಂಬ ಯುದ್ಧಗ್ರಂಥದಲ್ಲಿ, ಕಲಿತ ವಿದ್ಯೆಯನ್ನು ಎದುರಾಳಿಯೊಡನೆ ಪರೀಕ್ಷಿಸಲೇಬೇಕೆಂದೂ, ಸೋತರೆ ನಾಚದೆ ಸೋಲಿನ ಕಾರಣವನ್ನು ಅರಸಬೇಕೆಂದೂ ಅವನು ವಿಧಿಸಿದನು. ಕೊನೆಗೆ ಪದಚ್ಯುತನಾಗಿ, 1588ರಲ್ಲಿ ಬಡತನದಲ್ಲಿಯೇ ಮಡಿದನು. ಪರೀಕ್ಷೆಗೆ ಅಂಜದ ವಿದ್ಯೆಯೇ ನಿಜವಾದ ವಿದ್ಯೆಯೆಂಬುದನ್ನು ವಿದ್ಯಾರ್ಥಿಗಳಾದ ನಾವು ಅವನ ಬಾಳಿನಿಂದ ಅರಿಯಬಹುದು.