ಹವಳ ನೋಡುವ ಮೊದಲೇ ಹವಳದ ಲೆಕ್ಕ ಹಾಕಿದವನು

ಚಾರ್ಲ್ಸ್ ಡಾರ್ವಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮಂಗ, ಮನುಷ್ಯ ಮತ್ತು ಒಂದು ಬಿಳಿ ಗಡ್ಡ. ಆದ್ರೆ ಆ ಗಡ್ಡ ಬೆಳೆಯೋಕೆ ಬಹಳ ಮುಂಚೆ, ಹೆಚ್ಚುಕಡಿಮೆ ನಮ್ಮದೇ ವಯಸ್ಸಿನಲ್ಲಿ, ಅವನು ಬಿಡಿಸಿದ ಮೊದಲ ದೊಡ್ಡ ಒಗಟು ಸಮುದ್ರದ್ದು. ಸಮುದ್ರವೇ ಕಾಣದ ನಮ್ಮ ಬೀದರ, ಭಾಲ್ಕಿ, ಔರಾದದ ಕಲ್ಲಿಗೂ ಆ ಒಗಟಿಗೂ ನಂಟಿದೆ. ಅದಕ್ಕೇ ಈ ಸಲ ಅವನ ಕಥೆ.

ಹುಟ್ಟಿದ್ದು 12 ಫೆಬ್ರವರಿ 1809, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ಅಪ್ಪ ಡಾಕ್ಟರು. ಮಗನೂ ಡಾಕ್ಟರಾಗಲಿ ಅಂತ ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆ ನೋಡಲಾಗದೆ ಹುಡುಗ ಅದನ್ನು ಬಿಟ್ಟ. ಪಾದ್ರಿಯಾದರೂ ಆಗಲಿ ಅಂತ ಕೇಂಬ್ರಿಡ್ಜಿಗೆ ಹಾಕಿದರು. ಅಲ್ಲಿ ಅವನು ಜೀರುಂಡೆ ಹಿಡಿಯುತ್ತಾ ತಿರುಗಿದ. 1831ರ ಡಿಸೆಂಬರಿನಲ್ಲಿ, 22ನೇ ವಯಸ್ಸಿಗೆ, ಬೀಗಲ್ ಹಡಗು ಹತ್ತಿದ. ಪಯಣ ನಡೆದದ್ದು ಸುಮಾರು ಐದು ವರ್ಷ. ಅಲೆ ಎದ್ದರೆ ಸಾಕು, ವಾಂತಿ ತಪ್ಪಲಿಲ್ಲ.

20 ಫೆಬ್ರವರಿ 1835ರಂದು ಚಿಲಿಯಲ್ಲಿ ದೊಡ್ಡ ಭೂಕಂಪವಾಯಿತು. ಕಡಲ ದಂಡೆ ಕೆಲವು ಅಡಿ ಮೇಲೆದ್ದಿತ್ತು. ಬಂಡೆಗೆ ಅಂಟಿದ್ದ ಚಿಪ್ಪಿಜೀವಿಗಳು ನೀರಿನಿಂದ ಮೇಲೆ ಬಂದು ಸತ್ತಿದ್ದವು. ನೆಲ ಇಲ್ಲಿ ಏಳುತ್ತದೆ ಅಂದರೆ ಬೇರೆಲ್ಲೋ ಸಮುದ್ರದ ತಳ ಇಳಿಯಲೇಬೇಕಲ್ವಾ ಅಂತ ಅವನು ಯೋಚಿಸಿದ.

ಆಗಿನ ಒಗಟು ಇದು. ಹವಳ ಸಣ್ಣ ಪ್ರಾಣಿಗಳ ಗೂಡು. ಬಂಡೆ ಕಟ್ಟುವ ಹವಳಕ್ಕೆ ಬೆಚ್ಚಗಿನ ಉಪ್ಪುನೀರು ಬೇಕು, ಬಿಸಿಲು ತಲುಪುವಷ್ಟು ಕಡಿಮೆ ಆಳ ಬೇಕು. ಹಂಗಿದ್ದರೆ ಸಾವಿರಾರು ಅಡಿ ಆಳದ ಸಾಗರದ ನಡುವೆ ಬಳೆಯಂಥ ಹವಳ ದ್ವೀಪಗಳು ಹೇಗೆ ನಿಂತವು? ಮುಳುಗಿದ ಜ್ವಾಲಾಮುಖಿಯ ಬಾಯಿಯ ಅಂಚಿನ ಮೇಲೆ ಅಂತ ಹಿರಿಯ ಭೂವಿಜ್ಞಾನಿ ಲೈಯೆಲ್ ಹೇಳಿದ್ದರು. ಡಾರ್ವಿನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅಷ್ಟು ಅಗಲದ ಬಾಯಿ ಎಲ್ಲಿಂದ ಬರಬೇಕು? ಅವನ ಲೆಕ್ಕವೇ ಬೇರೆ. ಜ್ವಾಲಾಮುಖಿ ದ್ವೀಪದ ಸುತ್ತ ಹವಳ ಬೆಳೆಯುತ್ತದೆ. ದ್ವೀಪ ನಿಧಾನವಾಗಿ ಮುಳುಗುತ್ತದೆ. ಹವಳ ಅಷ್ಟೇ ನಿಧಾನವಾಗಿ ಮೇಲೆ ಕಟ್ಟುತ್ತಾ ಹೋಗುತ್ತದೆ. ಕೊನೆಗೆ ಬೆಟ್ಟ ಮಾಯ, ಬಳೆ ಮಾತ್ರ ಉಳಿಯುತ್ತದೆ. ಇದನ್ನು ಯೋಚಿಸುವಾಗ ಅವನು ಒಂದೂ ನಿಜವಾದ ಹವಳದ ದಿಬ್ಬ ನೋಡಿರಲಿಲ್ಲ!

ಏಪ್ರಿಲ್ 1836ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಲ್ಲಿ ಪರೀಕ್ಷೆ ನಡೆಯಿತು. ಕ್ಯಾಪ್ಟನ್ ಫಿಟ್ಜ್‌ರಾಯ್ ಸೀಸದ ಗುಂಡಿಗೆ ಕೊಬ್ಬು ಮೆತ್ತಿ ನೀರಿಗೆ ಬಿಡಿಸಿದ. ಸುಮಾರು 18 ಮೀಟರ್ ಆಳದವರೆಗೆ ಕೊಬ್ಬಿನ ಮೇಲೆ ಜೀವಂತ ಹವಳದ ಗುರುತು ಬಂತು. ಇನ್ನೂ ಆಳಕ್ಕೆ ಹೋದಂತೆ ಮರಳು ಹೆಚ್ಚಿತು. ದಂಡೆಯಿಂದ 2 ಕಿ.ಮೀ. ದೂರದಲ್ಲಿ 7,200 ಅಡಿ ಹಗ್ಗ ಬಿಟ್ಟರೂ ತಳ ಸಿಗಲಿಲ್ಲ.

1837ರಲ್ಲಿ ಲಂಡನ್ನಿನಲ್ಲಿ ಇದನ್ನು ಮಂಡಿಸಿದ. ಲೈಯೆಲ್ ದೊಡ್ಡ ಮನಸ್ಸಿನಿಂದ ತಮ್ಮ ವಾದ ಬಿಟ್ಟುಕೊಟ್ಟರು. 1842ರಲ್ಲಿ ಪುಸ್ತಕ ಬಂತು. ಆದ್ರೆ ಜಗಳ ಮುಗಿಯಲಿಲ್ಲ. 1880ರಲ್ಲಿ ಜಾನ್ ಮರ್ರೇ, ನೆಲ ಮುಳುಗೋದೇ ಬೇಡ ಅಂತ ಬೇರೆ ವಾದ ತಂದ. ಮುಪ್ಪಿನ ಡಾರ್ವಿನ್ ಸಿಟ್ಟಾಗಲಿಲ್ಲ. ಯಾರಾದರೂ ಶ್ರೀಮಂತ ಹವಳ ದ್ವೀಪದಲ್ಲಿ ಬೋರ್ ಹೊಡೆಸಿ ಕೆಳಗೇನಿದೆ ನೋಡಿಸಲಿ ಅಂತ 1881ರಲ್ಲಿ ಪತ್ರ ಬರೆದ. 19 ಏಪ್ರಿಲ್ 1882ರಂದು ತೀರಿಕೊಂಡ. ಉತ್ತರ ಅವನಿಗೆ ಸಿಗಲಿಲ್ಲ.

1896–98ರಲ್ಲಿ ಪೆಸಿಫಿಕ್‌ನ ಫುನಾಫುಟಿಯಲ್ಲಿ 1,114 ಅಡಿ ಕೊರೆದರೂ ಜ್ವಾಲಾಮುಖಿಯ ಕಲ್ಲು ಸಿಗಲಿಲ್ಲ. 1952ರಲ್ಲಿ ಎನಿವೆಟಾಕ್‌ನಲ್ಲಿ 4,000 ಅಡಿ ದಾಟಿದ ಮೇಲೆ ಸಿಕ್ಕಿತು, ಕಪ್ಪು ಬಸಾಲ್ಟ್! ಡಾರ್ವಿನ್ ಸತ್ತು 70 ವರ್ಷವಾಗಿತ್ತು. ಅದೇ ವರ್ಷ ಅದೇ ಹವಳ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿ ಒಂದು ನಡುಗಡ್ಡೆಯನ್ನೇ ಅಳಿಸಿತು.

ಈಗ ನಮ್ಮ ಊರಿಗೆ ಬರೋಣ. ಭಾಲ್ಕಿ, ಔರಾದದ ಎರೆಮಣ್ಣು, ಬೀದರ ಕೋಟೆಯ ಕೆಳಗಿನ ಕೆಂಪು ಜಂಬಿಟ್ಟಿಗೆ, ಎರಡೂ ಬಸಾಲ್ಟ್ ಸವೆದು ಆದವು. ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯೊಳಗಿನ ಒಂದು ಬೆಂಕಿಯಿಂದ ಆ ಲಾವಾ ಉಕ್ಕಿತು. ಆಮೇಲೆ ನಮ್ಮ ನೆಲ ಉತ್ತರಕ್ಕೆ ಸರಿಯಿತು. ಬೆಂಕಿ ಹಿಂದೆ ಉಳಿಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಕೆಳಗಿನ ಜ್ವಾಲಾಮುಖಿ ಸಾಲನ್ನು ಕಟ್ಟಿದ್ದೂ ಅದೇ ಬೆಂಕಿ ಅಂತ ಭೂವಿಜ್ಞಾನಿಗಳು ವಿವರಿಸುತ್ತಾರೆ. ಆ ಸಾಲು ಮುಳುಗಿತು, ಮೇಲೆ ಹವಳ ಕಟ್ಟಿತು. ನಮ್ಮ ಹೊಲದ ಕರಿಕಲ್ಲು ಮತ್ತು ಕವರತ್ತಿಯ ಬಿಳಿ ಮರಳಿನ ಬುನಾದಿ ಒಂದೇ ಮನೆಯವು.

ಡಾರ್ವಿನ್ ಲೆಕ್ಕಕ್ಕೆ ಒಂದೇ ಷರತ್ತು: ಹವಳ ಜೀವಂತ ಇರಬೇಕು. 1998, 2010, 2016ರಲ್ಲಿ ಕಡಲು ಅತಿಯಾಗಿ ಕಾದು ಲಕ್ಷದ್ವೀಪದ ಹವಳ ಬಿಳಿಚಿತು, ಬಹಳಷ್ಟು ಸತ್ತಿತು. ಸತ್ತ ಹವಳ ಕಟ್ಟೋದಿಲ್ಲ. ನೀರಿಗಿಂತ ಕೆಲವೇ ಮೀಟರ್ ಎತ್ತರದ ಆ ದ್ವೀಪಗಳಲ್ಲಿ ಜನ ಇದ್ದಾರೆ, ಸಮುದ್ರವೂ ಏರುತ್ತಿದೆ. ಬೆಟ್ಟ ಮುಳುಗುವ ವೇಗಕ್ಕೆ ಹವಳ ಕೋಟ್ಯಂತರ ವರ್ಷ ಸರಿಸಮ ಓಡಿತ್ತು. ನಾವು ಕಾಯಿಸುತ್ತಿರುವ ವೇಗಕ್ಕೆ ಅದು ಓಡಬಲ್ಲದಾ ಅನ್ನೋದು ಈಗಿನ ಲೆಕ್ಕ. ಇದನ್ನು ಬಿಡಿಸಬೇಕಾದವರು ನಾವೇ.