ಅಡುಗೆಮನೆಯ ಕಥೆ ಹೊತ್ತು ಷಿಕಾಗೋ ತಲುಪಿದ ರಾಮಾನುಜನ್

ರಾಮಾನುಜನ್ ಅಂದಕೂಡಲೇ ನಮ್ಮಂಥ ಎಂಜಿನಿಯರಿಂಗ್ ಮಂದಿಗೆ ನೆನಪಾಗೋದು ಗಣಿತದ ರಾಮಾನುಜನ್. ಈ ಸಲ ನಾವು ಹೇಳ್ತಿರೋದು ಇನ್ನೊಬ್ಬರ ಕಥೆ. ಅವರು ಎ. ಕೆ. ರಾಮಾನುಜನ್. ಇವರಿಗೂ ಗಣಿತದ ನಂಟು ಇತ್ತು ನೋಡ್ರಿ, ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು.

ಹುಟ್ಟಿದ್ದು 1929ರ ಮಾರ್ಚ್ 16, ಮೈಸೂರಿನಲ್ಲಿ. ಮಹಡಿ ಮೇಲೆ ಅಪ್ಪನ ಜೊತೆ ಇಂಗ್ಲಿಷ್, ಕೆಳಗೆ ಅಮ್ಮನ ಜೊತೆ ತಮಿಳು, ಬೀದಿಗಿಳಿದರೆ ಕನ್ನಡ. ಊಟ ಮಾಡಿಸುತ್ತಾ ಮನೆಯ ಹೆಂಗಸರು ಹೇಳುತ್ತಿದ್ದ ಕಥೆಗಳು ಅವರ ಮೊದಲ ಪಾಠ.

ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಮಾಡಿದರು. ಉತ್ತರ ಕರ್ನಾಟಕದ ಮಾತಿಗೆ ಕಿವಿ ತೆರೆದದ್ದು ಆಗಲೇ. ಹಳ್ಳಿಯವರ ಹತ್ತಿರ ಕೂತು ಕಥೆ, ಗಾದೆ ಬರೆದುಕೊಂಡರು. 1955ರಲ್ಲಿ ‘ಗಾದೆಗಳು’ ಪುಸ್ತಕ ಬಂತು. 1959ರಲ್ಲಿ ಅಮೆರಿಕಕ್ಕೆ ಹೋಗಿ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಕೊನೆತನಕ ಷಿಕಾಗೋ ವಿಶ್ವವಿದ್ಯಾಲಯವೇ ಅವರ ಊರಾಯಿತು.

ಆಯಿ ಹೇಳೋ ಕಥೆ ಅಂದ್ರ ಮಕ್ಕಳಾಟ ಅಂತ ನಾವು ತಿಳೀತೀವಿ. ಅವರು ಅದನ್ನು ವಿಜ್ಞಾನದಷ್ಟೇ ಗಂಭೀರವಾಗಿ ನೋಡಿದರು. ಜಗತ್ತಿನ ಜನಪದ ಕಥೆಗಳಿಗೆ ವಿದ್ವಾಂಸರು ನಂಬರ್ ಕೊಟ್ಟು ವರ್ಗ ಮಾಡಿದ್ದಾರೆ. ನಮ್ಮ ‘ಹಂಚಿ’ ಕಥೆಯ ಹುಡುಗಿ ತನ್ನ ಚೆಲುವು ಕಾಣದಂತೆ ಮಣ್ಣಿನ ಮುಖವಾಡ ಹಾಕಿಕೊಳ್ಳುತ್ತಾಳೆ. ಅವಳು ಸಿಂಡ್ರೆಲಾಳ ಅಕ್ಕತಂಗಿಯರ ಸಾಲಿನವಳು ಅಂತ ತೋರಿಸಿದವರು ರಾಮಾನುಜನ್.

ಅವರು ಹೇಳಿದ ಒಂದು ಕನ್ನಡ ಕಥೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಕಥೆ, ಅವಳು ಮಲಗಿದ್ದಾಗ ಹೊರಗೆ ಬಂದು ಬಾಗಿಲಲ್ಲಿ ಜೋಡು ಚಪ್ಪಲಿ ಆಯಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ಕೋಪದಲ್ಲಿ ಗುಡಿಗೆ ಹೋಗಿ ಮಲಗಿದಾಗ, ಅಲ್ಲಿ ಸೇರಿದ್ದ ದೀಪಗಳ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಬಂದು ಹೆಂಡತಿಯನ್ನು ಕೇಳಿದರೆ, ಅವಳಿಗೆ ಆ ಕಥೆಯೂ ಹಾಡೂ ಮರೆತೇ ಹೋಗಿದ್ದವು. ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೆ ಮೂಲವಾದ ಎರಡು ಕಥೆಗಳಲ್ಲಿ ಇದೂ ಒಂದು. ಎರಡನ್ನೂ ಅವರು ಮೊದಲು ಕೇಳಿದ್ದು ರಾಮಾನುಜನ್ ಬಾಯಿಂದ.

ಹೇಳದ ಕಥೆ ಸತ್ತೇ ಹೋಗುತ್ತದೆ, ಹೇಳಿದ್ದು ಬದುಕುತ್ತದೆ. ಇದು ನಮ್ಮೊಬ್ಬರ ಮಾತಲ್ಲ. ಪೂರ್ವ ಯೂರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್. ಎರಡನೇ ಮಹಾಯುದ್ಧದಲ್ಲಿ ಅದನ್ನಾಡುವ ಲಕ್ಷಗಟ್ಟಲೆ ಜನರನ್ನು ಕೊಂದರು. ಕಥೆಗಳು ಮಾತ್ರ ಉಳಿದವು. ಅಂಥ ಒಂದನ್ನು ಮಾರ್ಗಟ್ ಝೆಮಾಕ್ 1976ರಲ್ಲಿ ಮಕ್ಕಳ ಚಿತ್ರಪುಸ್ತಕ ಮಾಡಿದರು. ಒಂದೇ ಕೋಣೆಯಲ್ಲಿ ಕಿಕ್ಕಿರಿದ ಸಂಸಾರ. ಧರ್ಮಗುರು ಕೋಳಿ, ಮೇಕೆ, ಹಸುವನ್ನೂ ಒಳಗೆ ತರಿಸುತ್ತಾನೆ. ಕೊನೆಗೆ ಎಲ್ಲ ಹೊರಗೆ ಬಿಟ್ಟಾಗ ಅದೇ ಕೋಣೆ ಹಾಯಾಗಿ ಕಾಣುತ್ತದೆ. ಹಾಸ್ಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಕೊಟ್ಟು ಜಗತ್ತಿಗೆ ತಲುಪಿಸಿದರು. ನಮ್ಮ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನೂ ಅದರಲ್ಲಿದ್ದಾನೆ. ‘ಹೊಕ್ಕುಳಲ್ಲಿ ಹೂವಿಲ್ಲ’ ಅವರ ಕನ್ನಡ ಕವನ ಸಂಕಲನ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಬಂತು. 1991ರಲ್ಲಿ ಭಾರತದ 22 ಭಾಷೆಗಳ ಕಥೆಗಳನ್ನು ಒಂದೇ ಪುಸ್ತಕದಲ್ಲಿ ತಂದರು. 1993ರ ಜುಲೈ 13ರಂದು ಷಿಕಾಗೋದಲ್ಲಿ ತೀರಿಕೊಂಡಾಗ ವಯಸ್ಸು ಬರೀ 64. ಅವರ ಕನ್ನಡ ಕಥೆಗಳ ಸಂಗ್ರಹವನ್ನು ಗೆಳೆಯರು 1997ರಲ್ಲಿ ಹೊರತಂದರು. ಅದರಲ್ಲಿರುವ, ಹೂಮರವಾಗುವ ಹುಡುಗಿಯ ಕಥೆ ಕಾರ್ನಾಡರ ‘ಚೆಲುವಿ’ ಸಿನಿಮಾ ಆಗಿತ್ತು. 2006ರಲ್ಲಿ ವಿಯೆನ್ನಾದಲ್ಲಿ ಆಪೆರಾ ಕೂಡ ಆಯಿತು.

ಚೌಡಾಪುರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯಿಂದ ಬಂದ ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಇನ್ನೂ ಕಥೆ ಹೇಳೋ ಆಯಿ, ಮುತ್ಯಾ ಇದ್ದಾರ. ಅವರು ಕೈಬರಹದಲ್ಲಿ ಮಾಡಿದ ಕೆಲಸಕ್ಕೆ ನಮ್ಮ ಕೈಯಲ್ಲಿ ಫೋನು ಅದ. ಈ ದೀಪಾವಳಿ ರಜೆಗೆ ಊರಿಗೆ ಹೋದಾಗ ಒಂದೊಂದು ಕಥೆ ರೆಕಾರ್ಡ್ ಮಾಡ್ಕೊಂಡು ಬರ್ರಿ. ಯಾರು ಹೇಳಿದ್ದು, ಯಾವ ಊರು, ಯಾವ ದಿನ ಅಂತ ಬರೆದಿಡೋದನ್ನ ಮರೀಬ್ಯಾಡ್ರಿ.