ಹೈಡ್ರಾ ಕಂಡ ಮನೆಪಾಠದ ಮೇಷ್ಟ್ರು: ಅಬ್ರಹಾಂ ಟ್ರೆಂಬ್ಲೆ

ಮಕ್ಕಳೇ, ಹಲ್ಲಿಗೆ ತುಂಡಾದ ಬಾಲ ಮತ್ತೆ ಬೆಳೆಯುವುದನ್ನು ನೋಡಿದ್ದೀರಿ. ಆ ತುಂಡು ಬಾಲದಿಂದಲೇ ಇನ್ನೊಂದು ಹಲ್ಲಿ ಬೆಳೆದರೆ? ಅಂಥ ಸೋಜಿಗವನ್ನು ಒಂದು ಪುಟ್ಟ ಜೀವಿಯಲ್ಲಿ ಕಂಡವರು ಅಬ್ರಹಾಂ ಟ್ರೆಂಬ್ಲೆ.

ಅವರು ಹುಟ್ಟಿದ್ದು 1710ರಲ್ಲಿ, ಇಂದಿನ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಓದಿದ್ದು ಗಣಿತ. ಹಾಲೆಂಡಿಗೆ ಹೋಗಿ, ಶ್ರೀಮಂತರೊಬ್ಬರ ಇಬ್ಬರು ಗಂಡುಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಹೊಂಡದ ನೀರು ತಂದು ಗಾಜಿನ ಜಾಡಿಯಲ್ಲಿಟ್ಟು ನೋಡುವುದೂ ಅಲ್ಲಿ ಪಾಠವೇ. 1740ರ ಬೇಸಿಗೆಯಲ್ಲಿ ಜಾಡಿಯ ಜಲಸಸ್ಯಕ್ಕೆ ಅಂಟಿದ್ದ ಹಸಿರು ಎಳೆಗಳು ಕಂಡವು. ಜಾಡಿ ಅಲುಗಿದರೆ ಮುದುಡುತ್ತಿದ್ದವು. ಬೆಳಕಿನ ಕಡೆಗೆ ಸರಿಯುತ್ತಿದ್ದವು. ಗಿಡವೋ, ಪ್ರಾಣಿಯೋ? ನವೆಂಬರ್ 25ರಂದು ಒಂದನ್ನು ಎರಡಾಗಿ ಕತ್ತರಿಸಿದರು. ಎರಡೂ ತುಂಡು ಬದುಕಿದರೆ ಗಿಡ, ಸತ್ತರೆ ಪ್ರಾಣಿ ಎಂಬುದು ಅವರ ಲೆಕ್ಕ. ಕೆಲವೇ ದಿನಗಳಲ್ಲಿ ಎರಡೂ ಪೂರ್ಣ ಜೀವಿಗಳಾದವು! ಆದರೆ ಅವು ಲಾಗ ಹಾಕುತ್ತಾ ನಡೆಯುತ್ತಿದ್ದವು, ಹುಳ ಹಿಡಿದು ನುಂಗುತ್ತಿದ್ದವು. ಅವು ಪ್ರಾಣಿಗಳೇ, ತಪ್ಪಿದ್ದು ಲೆಕ್ಕ.

ಪ್ಯಾರಿಸ್ಸಿನ ವಿಜ್ಞಾನಿ ರೆಯೊಮ್ಯೂರ್ ಅವರಿಗೆ ಕಳಿಸಿದ ಮೊದಲ ಜೀವಿಗಳು ದಾರಿಯಲ್ಲೇ ಸತ್ತವು. ಶೀಷೆಯ ಬಾಯಿಗೆ ಅರಗು ಹಾಕಿದ್ದರಿಂದ ಗಾಳಿಯಾಡಲಿಲ್ಲ. (ನಂಜನಗೂಡಿನ ಹೊಂಡದಿಂದ ತಿ. ನರಸೀಪುರದ ತರಬೇತಿಗೆ ಬಾಟಲಿಯ ಮುಚ್ಚಳ ಬಿಗಿದು ಒಯ್ದು ನಾನೂ ಹೀಗೇ ಪೆಚ್ಚಾಗಿದ್ದೇನೆ.) ಎರಡನೆಯ ಸಲ ಕಳಿಸಿದವು ಬದುಕಿ ತಲುಪಿದವು. 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಟ್ರೆಂಬ್ಲೆಗೆ ಕೋಪ್ಲಿ ಪದಕ ನೀಡಿತು.

ತಲೆಯ ಭಾಗವನ್ನು ಸೀಳಿ ಸೀಳಿ ಅವರು ಏಳು ತಲೆಯ ಜೀವಿಯನ್ನೂ ಬೆಳೆಸಿದ್ದರು. ನಮ್ಮ ರಕ್ತಬೀಜಾಸುರನಂತೆ, ಕತ್ತರಿಸಿದಷ್ಟೂ ಹೆಚ್ಚುವ ಹಾವೊಂದು ಗ್ರೀಕರ ಕತೆಯಲ್ಲಿದೆ. ಅದರ ಹೆಸರೇ ಈ ಜೀವಿಗೆ ಬಂತು: ಹೈಡ್ರಾ. ಟ್ರೆಂಬ್ಲೆ ಮುಂದೆ ಊರಿಗೆ ಮರಳಿ, ಮಕ್ಕಳ ಶಿಕ್ಷಣದ ಬಗ್ಗೆ ಪುಸ್ತಕ ಬರೆದು, 1784ರಲ್ಲಿ ತೀರಿಕೊಂಡರು.

ಹೈಡ್ರಾ ಮತ್ತೆ ಬೆಳೆಯುವುದು ಹೇಗೆಂದು ಅವರ ಕಾಲದಲ್ಲಿ ತಿಳಿದಿರಲಿಲ್ಲ. ಅದರ ಮೈತುಂಬ ಆಕರಕೋಶಗಳಿವೆ. ಇವು ಸದಾ ಒಡೆದು ಹೆಚ್ಚುತ್ತವೆ, ಬೇಕಾದ ಬಗೆಯ ಜೀವಕೋಶಗಳಾಗಿ ಬದಲಾಗುತ್ತವೆ. ಇವನ್ನೇ ಸ್ಟೆಮ್ ಸೆಲ್ ಎನ್ನುವುದು. ನಮ್ಮ ಮೂಳೆಮಜ್ಜೆಯಲ್ಲಿರುವ ಆಕರಕೋಶಗಳು ದಿನವೂ ಹೊಸ ರಕ್ತಕಣ ತಯಾರಿಸುತ್ತವೆ. ಹೃದಯಕ್ಕೆ ಮಾತ್ರ ಈ ಭಾಗ್ಯವಿಲ್ಲ. 25ರ ವಯಸ್ಸಿನಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಹೊಸದಾಗುವುದು ಸುಮಾರು 1 ಪ್ರತಿಶತ. ವಯಸ್ಸಾದಂತೆ ಅದೂ ಕಡಿಮೆ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ, ಕಲೆ ಮಿಡಿಯುವುದಿಲ್ಲ.

ಆಕರಕೋಶಗಳಿಂದ ಮಿಡಿಯುವ ಹೃದಯಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಈಗ ಸಾಧ್ಯ. ರೋಗಿಯ ಹೃದಯದಲ್ಲಿ ಅವು ನೆಲೆಯೂರಿ ಲಯ ತಪ್ಪದೆ ಮಿಡಿಯಬೇಕು, ಕಷ್ಟವಿರುವುದು ಅಲ್ಲೇ. ಬೆಂಗಳೂರಿನಲ್ಲೂ ಆಕರಕೋಶ ಸಂಶೋಧನೆಗೆಂದೇ ಇನ್‌ಸ್ಟೆಮ್ ಎಂಬ ಸಂಸ್ಥೆಯಿದೆ. ನಮ್ಮ ದೇಶದ ತೊರೆಗಳಲ್ಲೇ ಇರುವ ಪಟ್ಟೆಪಟ್ಟೆಯ ಜೀಬ್ರಾ ಮೀನಂತೂ ಹೃದಯದ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ.